ನೋಟಿಸ್ ಪೂರ್ತಿ ಮಾಡದೆ ಕೆಲಸ ಬಿಟ್ಟವರು ಬೋನಸ್ ಕೇಳುವುದು ಹೇಗೆ

ಪ್ರತಿ ವರ್ಷ ಆಯುಧ ಪೂಜೆ ಹತ್ತಿರ ಬಂದರೆ ನನಗೆ ಒಂದೇ ಥರದ ಫೋನುಗಳು ಬರುತ್ತವೆ. "ಅಕ್ಕ, ನಾನು ಜೂನ್‌ನಲ್ಲೇ ಬಿಟ್ಟೆ. ನೋಟಿಸ್ ಪೂರ್ತಿ ಮಾಡಲಿಲ್ಲ. ಅಲ್ಲಿ ಎಲ್ಲರಿಗೂ ಬೋನಸ್ ಬಿತ್ತಂತೆ. ನನಗೆ ಸಿಗಲ್ಲ ಅಲ್ವಾ?" ಸಿಗಲ್ಲ ಅಂತ ಅವರೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಇನ್ನೊಂದು ಸಲ ಹೇಳಿಸಿಕೊಂಡು ಸಮಾಧಾನ ಮಾಡಿಕೊಳ್ಳೋಣ ಅಂತ ಫೋನ್ ಮಾಡಿರುತ್ತಾರೆ, ಅಷ್ಟೇ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಂಡ್ಯದವಳು. ಮೈಸೂರಿನ ಫ್ಯಾಕ್ಟರಿಗಳಿಗೆ ಹದಿನಾಲ್ಕು ವರ್ಷ ರೈಲಿನಲ್ಲೇ ಓಡಾಡಿದ್ದೇನೆ. ಮೊದಲ ಕೆಲಸ ಹೂಟಗಳ್ಳಿ ಕಡೆ, ಪ್ಯಾಕಿಂಗ್ ಸೆಕ್ಷನ್‌ನಲ್ಲಿ. ಆಮೇಲೆ ನಂಜನಗೂಡು ರಸ್ತೆಯ ಇನ್ನೊಂದು ಕಂಪನಿಯ ಟೈಮ್ ಆಫೀಸಿನಲ್ಲಿ, ಅಂದರೆ ಹಾಜರಿ, ಸಂಬಳದ ಲೆಕ್ಕ ಇಡುವ ಕಡೆ, ಗುಮಾಸ್ತೆ. ಅಂದರೆ ಬೋನಸ್ ಸಿಗದೆ ಪೇಚಾಡಿದ್ದೂ ಆಗಿದೆ, ಮೇಜಿನ ಆ ಕಡೆ ಕೂತು ಬೋನಸ್ ಪಟ್ಟಿ ಮಾಡಿದ್ದೂ ಆಗಿದೆ.

2018ರ ಜುಲೈ 31ಕ್ಕೆ ನಾನು ರಾಜೀನಾಮೆ ಕೊಟ್ಟೆ. ಅಮ್ಮನಿಗೆ ಆಪರೇಷನ್ ಇತ್ತು, ಮನೆಯಲ್ಲಿ ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ನೋಟಿಸ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ಅವಧಿ, 30 ದಿನ ಇತ್ತು. ನಾನು ಮಾಡಿದ್ದು 9 ದಿನ. ಆಗಸ್ಟ್ 9ಕ್ಕೆ ಗೇಟ್ ಪಾಸ್ ಕೊಟ್ಟು ಬಂದೆ. ಅಕ್ಟೋಬರ್‌ನಲ್ಲಿ ನನ್ನ ಜೊತೆಯವರಿಗೆಲ್ಲ ಬೋನಸ್ ಬಂತು. ನಾನು ಫೋನ್ ಮಾಡಿ ಕೇಳಿದರೆ ಎಚ್‌ಆರ್‌ನವರು ಓದಿ ಹೇಳುವ ಹಾಗೆ ಹೇಳಿದರು: "ನೀವು ನೋಟಿಸ್ ಸರ್ವ್ ಮಾಡಿಲ್ಲ ಮೇಡಂ. ಪಾಲಿಸಿ ಪ್ರಕಾರ ಬೋನಸ್ ಕ್ಯಾನ್ಸಲ್." ನಾನು ಸರಿ ಸಾರ್ ಅಂತ ಫೋನ್ ಇಟ್ಟೆ. ತಪ್ಪು ನನ್ನದೇ ಅಂದುಕೊಂಡಿದ್ದೆ.

ಆ ತಿಂಗಳು ಯಾವುದೋ ಕೆಲಸಕ್ಕೆ ಮೈಸೂರಿಗೆ ಹೋಗಿ ಬರುವಾಗ ರೈಲಿನಲ್ಲಿ ಹಳೇ ಪರಿಚಯದ ಯಜಮಾನರೊಬ್ಬರು ಸಿಕ್ಕರು. ಬೇರೆ ಫ್ಯಾಕ್ಟರಿಯಲ್ಲಿ ಯೂನಿಯನ್ ಕೆಲಸ ಮಾಡಿ ರಿಟೈರ್ ಆದವರು. ಕತೆ ಕೇಳಿ ನಕ್ಕರು. "ನೋಡವ್ವ, ನೀನು ಡೈರಿಗೆ ಹಾಲು ಹಾಕ್ತಿದ್ದೆ ಅನ್ಕೊ. ಶ್ರಾವಣದಲ್ಲಿ ಹಸ ಮಾರ್ಬುಟ್ಟೆ. ವರ್ಸದ ಕೊನೇಲಿ ಬೋನಸ್ ಕೊಡುವಾಗ, ಹಾಕಿದ ಹಾಲಿಗೂ ಕೊಡಾಕಿಲ್ಲ ಅಂತಾರಾ? ನೋಟಿಸ್ ಲೆಕ್ಕವೇ ಬ್ಯಾರೆ, ಬೋನಸ್ ಲೆಕ್ಕವೇ ಬ್ಯಾರೆ." ನಮ್ಮೂರಲ್ಲಿ ಇದಕ್ಕಿಂತ ಚೆನ್ನಾಗಿ ಯಾರಿಗೂ ಅರ್ಥ ಮಾಡಿಸಲು ಆಗುವುದಿಲ್ಲ. ಡೈರಿ ಬೋನಸ್ ಹಾಕಿದ ಹಾಲಿನ ಮೇಲೆ. ಫ್ಯಾಕ್ಟರಿ ಬೋನಸ್ ದುಡಿದ ಸಂಬಳದ ಮೇಲೆ.

ಮೊದಲು ಯಾವ ಬೋನಸ್ ಅಂತ ನೋಡಿ

ಎಲ್ಲ ಜಗಳವೂ ಇಲ್ಲೇ ಶುರುವಾಗುತ್ತದೆ. ಬೋನಸ್ ಅನ್ನುವ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ದುಡ್ಡು ಇವೆ.

ಒಂದು, ಕಾನೂನಿನ ಬೋನಸ್. 1965ರ ಬೋನಸ್ ಪಾವತಿ ಕಾಯ್ದೆ ಕೊಟ್ಟಿದ್ದು ಇದು. ಮುಂದೆ ಹಳೇ ಕಾಯ್ದೆ ಅನ್ನುವುದು ಇದನ್ನೇ. ಕಡಿಮೆ ಅಂದರೆ 8.33 ಪರ್ಸೆಂಟ್, ಜಾಸ್ತಿ ಅಂದರೆ 20 ಪರ್ಸೆಂಟ್. 8.33 ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಹನ್ನೆರಡು ತಿಂಗಳು ದುಡಿದರೆ ಹದಿಮೂರನೇ ತಿಂಗಳ ಸಂಬಳ ಅಂತ ಹಳಬರು ಹೇಳುವುದು ಇದನ್ನೇ. ಕಂಪನಿಗೆ ನಷ್ಟ ಆಗಿದ್ದರೂ 8.33 ಕೊಡಲೇಬೇಕು.

ಇನ್ನೊಂದು, ಕಂಪನಿ ತಾನಾಗಿ ಕೊಡುವುದು. ಪರ್ಫಾರ್ಮೆನ್ಸ್ ಬೋನಸ್, ವೇರಿಯಬಲ್ ಪೇ, ಜಾಯ್ನಿಂಗ್ ಬೋನಸ್, ಎಕ್ಸ್‌ಗ್ರೇಷಿಯಾ ಹೀಗೆಲ್ಲ ಹೆಸರು ಇರುತ್ತದೆ. ಇದಕ್ಕೆ ಆಫರ್ ಲೆಟರೇ ಕಾನೂನು. "ಹಣ ಕೊಡುವ ದಿನ ಕೆಲಸದಲ್ಲಿ ಇರಬೇಕು", "ನೋಟಿಸ್‌ನಲ್ಲಿ ಇರಬಾರದು" ಅಂತ ಬರೆದು ನೀವು ಸಹಿ ಹಾಕಿದ್ದರೆ ಅದನ್ನು ಮೀರುವುದು ಕಷ್ಟ. ಮೈಸೂರಿನ ಹೆಬ್ಬಾಳದ ಐಟಿ ಕಂಪನಿಗಳ ಹುಡುಗರು ಫೋನ್ ಮಾಡಿದಾಗ ನಾನು ಮುಲಾಜಿಲ್ಲದೆ ಹೇಳುತ್ತೇನೆ: ನಿಮ್ಮ ವೇರಿಯಬಲ್ ಪೇಗೆ ಈ ದಾರಿ ಆಗುವುದಿಲ್ಲ, ನಿಮ್ಮ ಲೆಟರ್ ಓದಿ. ಜಾಯ್ನಿಂಗ್ ಬೋನಸ್ ಅಂತೂ ಇಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಅಂತಲೇ ಬರೆದಿರುತ್ತಾರೆ.

ಮೂರನೇ ಒಂದು ತಮಾಷೆ ಇದೆ. ಕೆಲವು ಕಂಪನಿಗಳು ಕಾನೂನಿನ ಬೋನಸನ್ನೇ ತಿಂಗಳು ತಿಂಗಳು ಸಂಬಳದ ಜೊತೆ ಹಾಕಿಬಿಡುತ್ತವೆ. ಸ್ಯಾಲರಿ ಸ್ಲಿಪ್‌ನಲ್ಲಿ "ಸ್ಟ್ಯಾಚುಟರಿ ಬೋನಸ್" ಅಂತ ಒಂದು ಸಾಲು ಇದ್ದರೆ ನಿಮ್ಮ ಬೋನಸ್ ಆಗಲೇ ಬಂದು ಖರ್ಚೂ ಆಗಿದೆ. ಮತ್ತೆ ಕೇಳಿದರೆ ನಗುತ್ತಾರೆ. ಸ್ಲಿಪ್ ನೋಡದೆ ಪತ್ರ ಬರೆಯಬೇಡಿ.

ಇನ್ನು ಮುಂದೆ ಬರೆಯುವುದೆಲ್ಲ ಮೊದಲನೆಯದರ ಬಗ್ಗೆ ಮಾತ್ರ.

ನಿಮಗೆ ಹಕ್ಕು ಇದೆಯಾ

ಆ ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಕನಿಷ್ಠ 30 ಕೆಲಸದ ದಿನ ದುಡಿದಿರಬೇಕು. ವರ್ಷಪೂರ್ತಿ ಇರಬೇಕು ಅಂತ ಕಾನೂನು ಎಲ್ಲೂ ಹೇಳುವುದಿಲ್ಲ. ಬೋನಸ್ ಹಂಚುವ ದಿನ ರೋಲ್‌ನಲ್ಲಿ ಇರಬೇಕು ಅಂತಲೂ ಹೇಳುವುದಿಲ್ಲ. ಪ್ರೊಬೇಷನ್‌ನಲ್ಲಿ ಇದ್ದರೂ ಲೆಕ್ಕಕ್ಕೆ ಬರುತ್ತೀರಿ. ಸಂಬಳ ಸಹಿತ ರಜೆ, ಲೇ ಆಫ್ (ಕಂಪನಿಯೇ ಕೆಲಸ ಕೊಡದೆ ಕೂರಿಸಿದ ದಿನ), ಕೆಲಸದಲ್ಲಿ ಏಟಾಗಿ ಮನೆಯಲ್ಲಿ ಇದ್ದ ದಿನ, ಸಂಬಳ ಸಹಿತ ಹೆರಿಗೆ ರಜೆ ಇವೂ ದುಡಿದ ದಿನಗಳೇ. ಲಾಸ್ ಆಫ್ ಪೇ, ಅಂದರೆ ಸಂಬಳ ಇಲ್ಲದ ರಜೆ ಮಾತ್ರ ಸೇರುವುದಿಲ್ಲ.

ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ ಅಂತ 2015ರ ತಿದ್ದುಪಡಿ ಮಾಡಿತು. ಅದಕ್ಕೂ ಮುಂಚೆ 10,000 ಇತ್ತು. ಇಲ್ಲಿ ತುಂಬಾ ಜನ ಎಡವುತ್ತಾರೆ. "ನನ್ನ ಸಂಬಳ 24,000, ನನಗೆ ಬೋನಸ್ ಇಲ್ಲ" ಅಂತಾರೆ. ಹಳೇ ಕಾಯ್ದೆಯಲ್ಲಿ ನೋಡಬೇಕಾದದ್ದು ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿ ಭತ್ಯೆ) ಎರಡೇ. ಮನೆ ಬಾಡಿಗೆ ಭತ್ಯೆ, ಓಟಿ ಇವೆಲ್ಲ ಬಿಟ್ಟು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ.

ಕಂಪನಿಯಲ್ಲಿ 20 ಜನ ಕೆಲಸಗಾರರು ಇರಬೇಕು. ಫ್ಯಾಕ್ಟರಿ ಆದರೆ ಜನ ಇದಕ್ಕಿಂತ ಕಡಿಮೆ ಇದ್ದರೂ ಅನ್ವಯಿಸಬಹುದಿತ್ತು ಹಳೇ ಕಾಯ್ದೆಯಲ್ಲಿ, ಆದರೆ ಸಾಮಾನ್ಯವಾಗಿ 20 ಅಂತಲೇ ಹಿಡಿದುಕೊಳ್ಳಿ. ಹೊಸದಾಗಿ ಶುರುವಾದ ಕಂಪನಿಗೆ ಮೊದಲ ಐದು ವರ್ಷ ರಿಯಾಯಿತಿ ಉಂಟು, ಲಾಭ ಬಂದ ವರ್ಷಕ್ಕೆ ಮಾತ್ರ ಕೊಟ್ಟರೆ ಸಾಕು. ಶಾಲೆ ಕಾಲೇಜು, ಲಾಭಕ್ಕಲ್ಲದೆ ನಡೆಯುವ ಆಸ್ಪತ್ರೆ ಇವರ ನೌಕರರು ಈ ಕಾಯ್ದೆಯ ಹೊರಗೆ. ಅಪ್ರೆಂಟಿಸ್ ಕೂಡ ಹೊರಗೆ. ಐಟಿಐ ಮುಗಿಸಿ ಅಪ್ರೆಂಟಿಸ್ ಸೇರಿದ ಹುಡುಗರಿಗೆ ಇದು ಬೇಜಾರಿನ ವಿಷಯ, ಏನು ಮಾಡುವುದು.

ಬೋನಸ್ ಪೂರ್ತಿ ಕಳೆದುಕೊಳ್ಳುವವರು ಯಾರು? ಹಳೇ ಕಾಯ್ದೆಯ 9ನೇ ಸೆಕ್ಷನ್ ಇದನ್ನು ಪಟ್ಟಿ ಮಾಡಿತ್ತು. ವಂಚನೆ, ಕಂಪನಿ ಆವರಣದಲ್ಲಿ ಗಲಭೆ ಅಥವಾ ಹೊಡೆದಾಟ, ಕಂಪನಿ ಆಸ್ತಿ ಕಳ್ಳತನ, ದುರುಪಯೋಗ, ಬೇಕಂತಲೇ ಹಾಳು ಮಾಡುವುದು. ಇವುಗಳಿಗಾಗಿ ಕೆಲಸದಿಂದ ವಜಾ ಆದವರು. ಆ ಪಟ್ಟಿಯನ್ನು ನಾನು ನಾಲ್ಕು ಸಲ ಓದಿದೆ. ನೋಟಿಸ್ ಕಡಿಮೆ ಮಾಡಿದವರು ಅಂತ ಎಲ್ಲೂ ಇಲ್ಲ. ರಾಜೀನಾಮೆ ಅನ್ನುವ ಮಾತೇ ಅಲ್ಲಿಲ್ಲ. ಎಚ್‌ಆರ್‌ನವರ "ಪಾಲಿಸಿ" ಕಂಪನಿ ಬರೆದುಕೊಂಡಿದ್ದು. ಕಾನೂನಿನ ಪಟ್ಟಿಗೆ ಕಂಪನಿ ತಾನೇ ಒಂದು ಸಾಲು ಸೇರಿಸಲು ಆಗುವುದಿಲ್ಲ.

ಈಗ ಹೊಸ ಕಾನೂನಿನ ಮಾತು. 2025ರ ನವೆಂಬರ್ 21ರಿಂದ ಬೋನಸ್ ಕಾಯ್ದೆ ವೇತನ ಸಂಹಿತೆ 2019ರ ಒಳಗೆ ಸೇರಿದೆ. ಲೇಬರ್ ಕೋಡ್ ಅಂತಾರಲ್ಲ, ಅದರಲ್ಲಿ ಒಂದು. 30 ದಿನ, 8.33, 20 ಪರ್ಸೆಂಟ್, 20 ಜನ ಇವೆಲ್ಲ ಹಾಗೇ ಇವೆ. ಅನರ್ಹತೆಯ ಪಟ್ಟಿ 29ನೇ ಸೆಕ್ಷನ್‌ಗೆ ಹೋಗಿದೆ. ಲೈಂಗಿಕ ಕಿರುಕುಳದಲ್ಲಿ ಶಿಕ್ಷೆ ಆಗಿ ವಜಾ ಆದವರನ್ನು ಅದಕ್ಕೆ ಸೇರಿಸಿದ್ದಾರೆ, ಸರಿಯಾಗೇ ಮಾಡಿದ್ದಾರೆ. ನೋಟಿಸ್ ಅಲ್ಲೂ ಇಲ್ಲ. ಸಂಬಳದ ಮಿತಿಯ ಮೊತ್ತವನ್ನು ಮಾತ್ರ ಸಂಹಿತೆಯಲ್ಲೇ ಬರೆದಿಲ್ಲ, ಸರ್ಕಾರ ಅಧಿಸೂಚನೆಯಲ್ಲಿ ಹೇಳುತ್ತದೆ. ವೇತನ ಅಂದರೆ ಏನು ಅನ್ನುವುದೂ ಬದಲಾಗಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಆ ಜಾಸ್ತಿ ಭಾಗವೂ ವೇತನಕ್ಕೆ ಸೇರುತ್ತದೆ. ಬೇಸಿಕ್ ತೀರಾ ಕಡಿಮೆ ತೋರಿಸುವ ಕಂಪನಿಗಳಲ್ಲಿ ಇರುವವರು ಇದನ್ನು ಗಮನಿಸಿ.

ಎಷ್ಟು ವರ್ಷದ ಬೋನಸ್ ಬಾಕಿ ಇದೆ

ಇದು ನನಗೆ ಗೊತ್ತೇ ಇರಲಿಲ್ಲ. ರೈಲಿನ ಯಜಮಾನರು ಹೇಳದಿದ್ದರೆ ಅರ್ಧ ದುಡ್ಡು ಬಿಟ್ಟುಬಿಡುತ್ತಿದ್ದೆ.

ಬೋನಸ್ ಕೊಡಲು ಕಂಪನಿಗೆ ವರ್ಷ ಮುಗಿದ ಮೇಲೆ 8 ತಿಂಗಳು ಸಮಯ ಇದೆ. ಮಾರ್ಚ್ 31ಕ್ಕೆ ವರ್ಷ ಮುಗಿದರೆ ನವೆಂಬರ್ 30 ಕೊನೆ. ನಮ್ಮ ಕಡೆ ದಸರಾಗೋ ದೀಪಾವಳಿಗೋ ಕೊಡುತ್ತಾರೆ. ನಾನು ಬಿಟ್ಟಿದ್ದು ಆಗಸ್ಟ್ 2018. ಆಗ 2017-18ರ ಬೋನಸ್ ಇನ್ನೂ ಕೊಟ್ಟಿರಲಿಲ್ಲ. ಅದು ಪೂರ್ತಿ ವರ್ಷದ್ದು. ಅದರ ಜೊತೆಗೆ 2018ರ ಏಪ್ರಿಲ್‌ನಿಂದ ಆಗಸ್ಟ್ 9ರವರೆಗೆ ದುಡಿದಿದ್ದೆ. ಅದು 2018-19ರ ಲೆಕ್ಕ. ಅದು ಬರಬೇಕಾದದ್ದು 2019ರ ನವೆಂಬರ್ ಒಳಗೆ. ಅಂದರೆ ನಾನು ಬಿಟ್ಟು ಒಂದು ವರ್ಷದ ಮೇಲೆ! ಯಾರಿಗೆ ನೆನಪಿರುತ್ತದೆ?

ಏಪ್ರಿಲ್‌ನಿಂದ 30 ಕೆಲಸದ ದಿನವಾದರೂ ದುಡಿದು, ದಸರಾ ಬೋನಸ್‌ಗೂ ಮುಂಚೆ ಬಿಟ್ಟವರಿಗೆ ಎರಡು ಬೋನಸ್ ಬಾಕಿ ಇರುತ್ತದೆ. ಹಬ್ಬದ ಬೋನಸ್ ತೆಗೆದುಕೊಂಡು ಬಿಟ್ಟವರಿಗೆ ಒಂದೇ. ಆದರೆ ಆ ಒಂದು ಇದೆ, ಮರೆಯಬೇಡಿ.

ನನ್ನ ಲೆಕ್ಕ ಹೇಳುತ್ತೇನೆ, ನಿಮ್ಮದನ್ನು ಇದೇ ಥರ ಮಾಡಿ. 2017-18ರಲ್ಲಿ ಬೇಸಿಕ್, ಡಿಎ ಸೇರಿ ತಿಂಗಳಿಗೆ 9,200. ಒಂದು ದಿನವೂ ಸಂಬಳ ಕಟ್ ಆಗಿರಲಿಲ್ಲ. ವರ್ಷಕ್ಕೆ 1,10,400. ಅದರ 8.33 ಪರ್ಸೆಂಟ್ 9,196 ರೂಪಾಯಿ. ಏಪ್ರಿಲ್‌ನಲ್ಲಿ ಡಿಎ ಏರಿ 9,600 ಆಯಿತು. ನಾಲ್ಕು ತಿಂಗಳಿಗೆ 38,400. ಆಗಸ್ಟ್‌ನಲ್ಲಿ ಭಾನುವಾರ ಬಿಟ್ಟು 8 ದಿನ ಕೆಲಸ, 26 ದಿನದ ಲೆಕ್ಕದಲ್ಲಿ 2,954. ಒಟ್ಟು 41,354. ಅದರ 8.33 ಪರ್ಸೆಂಟ್ 3,445. ಎರಡೂ ಸೇರಿ 12,641 ರೂಪಾಯಿ. ಆಗ ನನಗೆ ಅದು ಒಂದು ತಿಂಗಳ ಮನೆ ಖರ್ಚು, ಅಮ್ಮನ ಔಷಧಿ ಸೇರಿ.

ಇನ್ನೊಂದು ಮಾತು. ಲೆಕ್ಕ ಹಾಕಲು ತಿಂಗಳಿಗೆ 7,000 ಮಾತ್ರ ಹಿಡಿಯುತ್ತೇವೆ ಅಂತ ಕೆಲವರು ಹೇಳುತ್ತಾರೆ. ಅರ್ಧ ಸತ್ಯ. 7,000 ಅಥವಾ ಆ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಜಾಸ್ತಿಯೋ ಅದು ಅಂತ ಕಾಯ್ದೆ ಹೇಳಿತ್ತು. ಕರ್ನಾಟಕದಲ್ಲಿ ಫ್ಯಾಕ್ಟರಿ ಕೆಲಸಗಳ ಕನಿಷ್ಠ ವೇತನ 7,000 ದಾಟಿ ವರ್ಷಗಳಾಗಿವೆ. ಕನಿಷ್ಠ ವೇತನದ ಪಟ್ಟಿ ಕಾರ್ಮಿಕ ಇಲಾಖೆಯಲ್ಲಿ ಸಿಗುತ್ತದೆ, ಪ್ರತಿ ಏಪ್ರಿಲ್‌ನಲ್ಲಿ ಡಿಎ ಬದಲಾಗುತ್ತದೆ. ಆಯಾ ವರ್ಷದ ಪಟ್ಟಿಯನ್ನೇ ನೋಡಿ.

ನೋಟಿಸ್ ದುಡ್ಡು ಹಿಡಿಯುವುದು ತಪ್ಪಾ?

ಅಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ನಾನು ಸಹಿ ಹಾಕಿದ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ 30 ದಿನ ನೋಟಿಸ್, ಇಲ್ಲದಿದ್ದರೆ ಅಷ್ಟು ದಿನದ ಸಂಬಳ ಅಂತ ಇತ್ತು. 21 ದಿನ ಕಡಿಮೆ ಮಾಡಿದ್ದೆ. ಫೈನಲ್ ಸೆಟಲ್‌ಮೆಂಟ್‌ನಲ್ಲಿ ಅದನ್ನು ಹಿಡಿದರು. ಅದಕ್ಕೆ ನಾನು ಜಗಳ ಮಾಡಲಿಲ್ಲ, ಮಾಡಿದ್ದರೂ ಗೆಲ್ಲುತ್ತಿರಲಿಲ್ಲ.

ಆದರೆ ಹಿಡಿದ ಲೆಕ್ಕ ತಪ್ಪಿತ್ತು. ಲೆಟರ್‌ನಲ್ಲಿ "ಬೇಸಿಕ್ ಮತ್ತು ಡಿಎ" ಅಂತ ಸ್ಪಷ್ಟವಾಗಿ ಇತ್ತು. ಅವರು ಹಿಡಿದದ್ದು ಒಟ್ಟು ಸಂಬಳ 12,400ರ ಮೇಲೆ. 21 ದಿನಕ್ಕೆ 8,680. ಲೆಟರ್ ಪ್ರಕಾರ 6,720 ಆಗಬೇಕಿತ್ತು. 1,960 ರೂಪಾಯಿ ಜಾಸ್ತಿ. ಯಾರೂ ಬೇಕಂತ ಮಾಡಿದ್ದಲ್ಲ ಅಂತ ಈಗ ಅನ್ನಿಸುತ್ತದೆ. ಟೈಮ್ ಆಫೀಸಿನಲ್ಲಿ ಕೂತ ಮೇಲೆ ಗೊತ್ತಾಯಿತು, ಸಾಫ್ಟ್‌ವೇರ್‌ನಲ್ಲಿ ಒಂದು ಸಲ ಹೇಗೆ ಹಾಕಿರುತ್ತಾರೋ ಹಾಗೇ ಎಲ್ಲರಿಗೂ ಕಟ್ ಆಗುತ್ತದೆ. ಯಾರೂ ಲೆಟರ್ ತೆಗೆದು ನೋಡುವುದಿಲ್ಲ. ನೀವು ತೆಗೆದು ನೋಡಿ.

ನೋಟಿಸ್ ದುಡ್ಡು ಹಿಡಿದ ಮೇಲೆ ಆ ಲೆಕ್ಕ ಮುಗಿಯಿತು. ಅದೇ ಕಾರಣಕ್ಕೆ ಬೋನಸ್ಸನ್ನೂ ತೆಗೆದರೆ ಒಂದೇ ತಪ್ಪಿಗೆ ಎರಡು ದಂಡ. ಬೋನಸ್‌ನಿಂದ ಹಣ ಕಳೆಯಲು ಹಳೇ ಕಾಯ್ದೆಯ 18ನೇ ಸೆಕ್ಷನ್ ಒಂದೇ ಸಂದರ್ಭ ಹೇಳಿತ್ತು: ದುರ್ನಡತೆಯಿಂದ ಕಂಪನಿಗೆ ಹಣದ ನಷ್ಟ ಮಾಡಿದ್ದರೆ, ಅದೂ ಆ ವರ್ಷದ ಬೋನಸ್‌ನಿಂದ ಮಾತ್ರ. ಅಮ್ಮನ ಆಪರೇಷನ್‌ಗೆ ಮನೆಗೆ ಹೋಗಿದ್ದು ದುರ್ನಡತೆ ಅಲ್ಲ.

ಬಿಡುವ ಮುಂಚೆ ಇಷ್ಟು ಮಾಡಿಕೊಳ್ಳಿ

ಎಷ್ಟೇ ಅವಸರ ಇರಲಿ, ರಾಜೀನಾಮೆ ಪತ್ರ ಕೊಡದೆ ಮಾಯ ಆಗಬೇಡಿ. ಫೋನ್ ಸ್ವಿಚ್ ಆಫ್ ಮಾಡಿಕೊಂಡು ಊರಿಗೆ ಹೋಗುವವರು ಬಹಳ. ಅಬ್ಸ್ಕಾಂಡ್, ಅಂದರೆ ಹೇಳದೆ ಕೇಳದೆ ಹೋದವರು ಅಂತ ಗುರುತು ಹಾಕುತ್ತಾರೆ, ಸರ್ವಿಸ್ ಸರ್ಟಿಫಿಕೇಟ್ ಸಿಗುವುದಿಲ್ಲ. ಒಂದು ದಿನದ ನೋಟಿಸ್ ಆದರೂ ಪತ್ರ ಪತ್ರವೇ. ಕಾರಣ ಒಂದು ಸಾಲಿನಲ್ಲಿ, ಕೊನೆ ದಿನ ಯಾವುದು, ನೋಟಿಸ್ ಉಳಿಕೆಯನ್ನು ರಜೆಯಲ್ಲಿ ಹೊಂದಿಸಲು ಅಥವಾ ಸಂಬಳದಲ್ಲಿ ಹಿಡಿಯಲು ಒಪ್ಪಿಗೆ. ಇಷ್ಟು ಸಾಕು. ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಕೊಡದಿದ್ದರೆ ಇಮೇಲ್ ಕಳಿಸಿ. ಕಂಪನಿ ಇಮೇಲ್‌ನಿಂದ ಅಲ್ಲ, ನಿಮ್ಮ ಸ್ವಂತದ್ದರಿಂದ. ಬಿಟ್ಟ ದಿನವೇ ಕಂಪನಿ ಇಮೇಲ್ ಬಂದ್ ಆಗುತ್ತದೆ.

ಸ್ಯಾಲರಿ ಸ್ಲಿಪ್‌ಗಳನ್ನೂ ಹಾಗೇ. ಕನಿಷ್ಠ ಎರಡು ವರ್ಷದ್ದು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ಕೊನೆಗೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. "ಎಲ್ಲ ಬಾಕಿ ಬಂದಿದೆ, ಇನ್ನು ಯಾವ ಹಕ್ಕೂ ಇಲ್ಲ" ಅಂತ ಅಚ್ಚಾಗಿರುತ್ತದೆ. ಸಹಿ ಪಕ್ಕದಲ್ಲಿ ಕೈಯಲ್ಲೇ ಒಂದು ಸಾಲು ಬರೆಯಿರಿ: "2 ವರ್ಷದ ಬೋನಸ್ ಬಾಕಿ ಹೊರತುಪಡಿಸಿ". ನಾನು ಆ ದಿನ ಬರೆಯಲಿಲ್ಲ. ಗೊತ್ತಿರಲಿಲ್ಲ. ಆಮೇಲೆ ಅದೇ ಕಾಗದ ನನ್ನ ಮುಂದೆ ಹಿಡಿದರು. ಟೈಮ್ ಆಫೀಸಿನಲ್ಲಿದ್ದಾಗ ಯಾರಾದರೂ ಹಾಗೆ ಬರೆದರೆ ನನಗೆ ಒಳಗೊಳಗೇ ಖುಷಿ ಆಗುತ್ತಿತ್ತು. ಮ್ಯಾನೇಜರ್ ಮುಖ ನೋಡಬೇಕಿತ್ತು.

ಬ್ಯಾಂಕ್ ಖಾತೆ ಚಾಲ್ತಿಯಲ್ಲಿ ಇಡಿ. ಬಿಟ್ಟ ಮೇಲೆ ಸ್ಯಾಲರಿ ಅಕೌಂಟ್ ಸಾಮಾನ್ಯ ಖಾತೆ ಆಗುತ್ತದೆ, ಕೆಲವು ಬ್ಯಾಂಕ್‌ಗಳಲ್ಲಿ ಮಿನಿಮಮ್ ಬ್ಯಾಲೆನ್ಸ್ ಕಾಟ ಶುರು, ಬೇಸತ್ತು ಮುಚ್ಚುತ್ತೀರಿ. ಆಮೇಲೆ ಬೋನಸ್ ಹಾಕಿದರೂ ವಾಪಸ್ ಬರುತ್ತದೆ. ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐಗೆ ಸೇರಿದಾಗ, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ ಸೇರಿದಾಗ ಐಎಫ್‌ಎಸ್‌ಸಿ ಕೋಡ್‌ಗಳು ಬದಲಾದವು. ಬಿಟ್ಟು ಹೋದವರ ಹಳೇ ಕೋಡೇ ನಮ್ಮ ಫೈಲಿನಲ್ಲಿ ಇರುತ್ತಿತ್ತು. ಹೊಸ ಕೋಡ್ ಕೊಟ್ಟು ಬನ್ನಿ.

ಕೇಳುವ ಪತ್ರ

ಟೈಮ್ ಆಫೀಸಿನ ಒಂದು ಗುಟ್ಟು ಹೇಳಬೇಕು. ಬೋನಸ್ ಪಟ್ಟಿ ತೆಗೆಯುವಾಗ ಕಂಪ್ಯೂಟರ್‌ನಲ್ಲಿ "ಆ್ಯಕ್ಟಿವ್" ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಈಗ ಕೆಲಸದಲ್ಲಿ ಇರುವವರ ಹೆಸರು ಮಾತ್ರ ಬರುತ್ತದೆ. ಬಿಟ್ಟವರು ಪಟ್ಟಿಗೇ ಬರುವುದಿಲ್ಲ. ನಿಮ್ಮ ಹೆಸರು ಅಲ್ಲಿ ಬರಬೇಕಾದರೆ ಯಾರೋ ಕೈಯಾರೆ ಸೇರಿಸಬೇಕು. ಪತ್ರ ಬಂದರೆ ಸೇರಿಸುತ್ತಾರೆ. ಪತ್ರ ಇಲ್ಲದಿದ್ದರೆ ಯಾರೂ ನಿಮ್ಮನ್ನು ಹುಡುಕಿಕೊಂಡು ಮಂಡ್ಯಕ್ಕೆ ಬರುವುದಿಲ್ಲ. ಕೇಳದೆ ಉಳಿದ ಹಣವನ್ನು ಕಂಪನಿ ತಾನು ಇಟ್ಟುಕೊಳ್ಳುವ ಹಾಗೂ ಇಲ್ಲ, ಕೊನೆಗೆ ಕಾರ್ಮಿಕ ಕಲ್ಯಾಣ ನಿಧಿಗೆ ಕಟ್ಟಬೇಕು. ಎಷ್ಟು ಜನ ಕಟ್ಟುತ್ತಾರೆ ಅನ್ನುವುದು ಬೇರೆ ಮಾತು.

ಪತ್ರ ಹೀಗಿರಲಿ:

"ಮಾನ್ಯರೇ, ನಾನು ನಿಮ್ಮ ಸಂಸ್ಥೆಯಲ್ಲಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಕೆಲಸ ಮಾಡಿದ್ದೇನೆ. ಟೋಕನ್ ನಂಬರ್ ಇಷ್ಟು. ಇಂಥ ಹಣಕಾಸು ವರ್ಷದಲ್ಲಿ 30ಕ್ಕಿಂತ ಹೆಚ್ಚು ದಿನ ಕೆಲಸ ಮಾಡಿದ್ದು, ಆ ವರ್ಷದ ಬೋನಸ್ ನನಗೆ ಬಂದಿಲ್ಲ. ನೋಟಿಸ್ ಅವಧಿಯ ಉಳಿಕೆ ಹಣವನ್ನು ನನ್ನ ಫೈನಲ್ ಸೆಟಲ್‌ಮೆಂಟ್‌ನಲ್ಲಿ ಈಗಾಗಲೇ ಹಿಡಿದಿದ್ದೀರಿ. ವೇತನ ಸಂಹಿತೆ 2019ರ 26 ಮತ್ತು 39ನೇ ಸೆಕ್ಷನ್ ಪ್ರಕಾರ ನನ್ನ ಬೋನಸ್ ಕೊಡಬೇಕೆಂದು ಕೋರುತ್ತೇನೆ. ಕೊಡಲು ಆಗದು ಎಂದಾದರೆ ಯಾವ ಸೆಕ್ಷನ್ ಪ್ರಕಾರ ಎಂದು ಬರಹದಲ್ಲಿ ತಿಳಿಸಿ. ಬ್ಯಾಂಕ್ ವಿವರ ಕೆಳಗಿದೆ."

ಸಂಹಿತೆ ಬರುವ ಮುಂಚೆಯೇ ಕೊಡಬೇಕಾಗಿದ್ದ ಹಳೇ ಬೋನಸ್ ಆದರೆ ಸಂಹಿತೆಯ ಬದಲು "ಬೋನಸ್ ಪಾವತಿ ಕಾಯ್ದೆ 1965ರ 8 ಮತ್ತು 19ನೇ ಸೆಕ್ಷನ್" ಅಂತ ಹಾಕಿ. ಯಾವ ಸೆಕ್ಷನ್ ಪ್ರಕಾರ ಇಲ್ಲ ಅಂತ ಕೇಳುವ ಸಾಲನ್ನು ಬಿಡಬೇಡಿ. ಹೇಳಲು ಅವರ ಹತ್ತಿರ ಸೆಕ್ಷನ್ ಇಲ್ಲ. ನನ್ನ ಕೇಸಿನಲ್ಲಿ ಅಲ್ಲಿಂದಲೇ ಅವರ ದನಿ ಬದಲಾಯಿತು. ಬೈಗುಳ, ಬೆದರಿಕೆ, ಹಳೇ ಸೂಪರ್‌ವೈಸರ್ ಮೇಲಿನ ಸಿಟ್ಟು ಯಾವುದೂ ಪತ್ರದಲ್ಲಿ ಬೇಡ. ಅದೇ ಪತ್ರ ನಾಳೆ ಲೇಬರ್ ಆಫೀಸರ್ ಓದುತ್ತಾರೆ.

ಕಾಂಟ್ರಾಕ್ಟ್‌ನಲ್ಲಿ ಇದ್ದವರು ಸ್ಯಾಲರಿ ಸ್ಲಿಪ್ ಮೇಲೆ ಯಾರ ಹೆಸರಿದೆಯೋ ಅವರಿಗೆ ಬರೆಯಿರಿ, ಒಂದು ಪ್ರತಿ ಫ್ಯಾಕ್ಟರಿಗೂ ಕಳಿಸಿ.

ಪೋಸ್ಟ್‌ನಲ್ಲಿ ಕಳಿಸಿ, ಕೈಗೆ ಮುಟ್ಟಿದ್ದಕ್ಕೆ ದಾಖಲೆ ಇರಲಿ. ನಾನು ಅಕ್‌ನಾಲೆಜ್‌ಮೆಂಟ್ ಕಾರ್ಡ್ ಇಟ್ಟು ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೆ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಒಳಗೆ ಸೇರಿಸಿದೆ, ಈಗ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಅಂತಲೇ ಕೇಳಿ. ರಸೀದಿಯ ಫೋಟೋ ತೆಗೆದು ಇಟ್ಟುಕೊಳ್ಳಿ, ಆ ಕಾಗದದ ಅಕ್ಷರ ಆರು ತಿಂಗಳಲ್ಲಿ ಮಾಸಿ ಹೋಗುತ್ತದೆ.

ಎರಡು ಲೆಕ್ಕದ ಸಮಯ ಬೇರೆ ಬೇರೆ, ಕಲಸಿಕೊಳ್ಳಬೇಡಿ. ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಬೋನಸ್ ಆ ಎರಡು ದಿನದಲ್ಲಿ ಸೇರುವುದಿಲ್ಲ, ಅದಕ್ಕೆ 8 ತಿಂಗಳು ಇದ್ದೇ ಇದೆ. ಬಿಟ್ಟ ಮೂರನೇ ದಿನ ಬೋನಸ್ ಎಲ್ಲಿ ಅಂತ ಜಗಳ ತೆಗೆಯಬೇಡಿ.

ಕೊಡದಿದ್ದರೆ

ನವೆಂಬರ್ 30 ದಾಟಿತು, ಪತ್ರಕ್ಕೆ ಉತ್ತರ ಇಲ್ಲ. ಆಗ ಲೇಬರ್ ಆಫೀಸ್. ಫ್ಯಾಕ್ಟರಿ ಎಲ್ಲಿದೆಯೋ ಅಲ್ಲಿಯ ಆಫೀಸ್, ನೀವು ಎಲ್ಲಿದ್ದೀರೋ ಅಲ್ಲಿಯದ್ದಲ್ಲ. ನಾನು ಮೊದಲು ಮಂಡ್ಯದಲ್ಲಿ ಕೊಟ್ಟೆ. ಅವರು ಮೈಸೂರಿಗೆ ಹೋಗಮ್ಮ ಅಂದರು. ಒಂದು ದಿನ ದಂಡ. ತೂಬಿನಕೆರೆ, ಗೆಜ್ಜಲಗೆರೆ ಫ್ಯಾಕ್ಟರಿಯವರಿಗೆ ಮಂಡ್ಯ ಸರಿ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ನಂಜನಗೂಡಿನವರಿಗೆ ಮೈಸೂರು.

ಅರ್ಜಿ ಒಂದು ಪುಟ ಸಾಕು. ಅದಕ್ಕೆ ಅಪಾಯಿಂಟ್‌ಮೆಂಟ್ ಲೆಟರ್, ರಾಜೀನಾಮೆ ಪ್ರತಿ, ಸ್ಯಾಲರಿ ಸ್ಲಿಪ್, ಸೆಟಲ್‌ಮೆಂಟ್ ಕಾಗದ, ನೀವು ಕಳಿಸಿದ ಪತ್ರ, ಪೋಸ್ಟ್ ರಸೀದಿ. ಮೂರು ಸೆಟ್ ಜೆರಾಕ್ಸ್ ಮಾಡಿ. ಬೋನಸ್ ಲೆಕ್ಕವನ್ನು ನೀವೇ ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿ, ಮೇಲೆ ನಾನು ಬರೆದ ಹಾಗೆ. ಅಧಿಕಾರಿಗೆ ಲೆಕ್ಕ ಸಿದ್ಧವಾಗಿ ಸಿಕ್ಕರೆ ಕೆಲಸ ಬೇಗ ಆಗುತ್ತದೆ. ವಕೀಲರು ಬೇಕೇ ಬೇಕು ಅಂತ ಇಲ್ಲ. ನನಗೆ ಇರಲಿಲ್ಲ.

ನನ್ನ ಕೇಸಿನಲ್ಲಿ ಎರಡೂ ಕಡೆಯವರನ್ನು ಕರೆದರು. ಮೊದಲ ದಿನ ಕಂಪನಿಯಿಂದ ಯಾರೂ ಬರಲಿಲ್ಲ. ಎರಡನೇ ದಿನ ಒಬ್ಬ ಹುಡುಗ ಬಂದು ಸಮಯ ಕೇಳಿದ. ಮೂರನೇ ದಿನ ಎಚ್‌ಆರ್ ಬಂದು ನಾನು ಸಹಿ ಮಾಡಿದ "ಯಾವ ಹಕ್ಕೂ ಇಲ್ಲ" ಕಾಗದ ತೋರಿಸಿದರು. ಇನ್‌ಸ್ಪೆಕ್ಟರ್ ಅದನ್ನು ಪಕ್ಕಕ್ಕೆ ಇಟ್ಟು ಒಂದೇ ಪ್ರಶ್ನೆ ಕೇಳಿದರು: "ಈಕೆಯನ್ನು ವಂಚನೆಗೆ ವಜಾ ಮಾಡಿದ್ದೀರಾ?" ಇಲ್ಲ ಸಾರ್ ಅಂದರು. "ಹಾಗಾದ್ರೆ ಬೋನಸ್ ರಿಜಿಸ್ಟರ್ ತನ್ನಿ." ಹನ್ನೆರಡು ದಿನದಲ್ಲಿ 9,196 ಮತ್ತು ಜಾಸ್ತಿ ಹಿಡಿದಿದ್ದ 1,960 ಎರಡೂ ಖಾತೆಗೆ ಬಂತು. ಎಲ್ಲರಿಗೂ ಮೂರು ದಿನದಲ್ಲಿ ಮುಗಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ನನಗೆ ಸಿಕ್ಕ ಅಧಿಕಾರಿ ಒಳ್ಳೆಯವರು.

ಅವಧಿ ದಾಟಿಸಬೇಡಿ. ಹಳೇ ಕಾಯ್ದೆಯಲ್ಲಿ ಬೋನಸ್ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಕೊಡಬೇಕಿತ್ತು. ವೇತನ ಸಂಹಿತೆಯಲ್ಲಿ ಮೂರು ವರ್ಷ ಇದೆ. ಕ್ಲೈಮ್ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಇದೆ. ಸಮಯ ಜಾಸ್ತಿ ಸಿಕ್ಕಿತು ಅಂತ ಸುಮ್ನೆ ಕೂರಬೇಡಿ. ಎರಡು ವರ್ಷ ಆದಮೇಲೆ ಎಚ್‌ಆರ್ ಬದಲಾಗಿರುತ್ತಾರೆ, ಕಂಪನಿ ಹೆಸರೇ ಬದಲಾಗಿರಬಹುದು.

ಆ 3,445 ಏನಾಯಿತು ಅಂತ ಕೇಳುತ್ತೀರಿ. 2019ರ ದಸರಾ ಮುಗಿದ ಮಾರನೇ ವಾರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದ ದಿನ ಅದೇ ಪತ್ರವನ್ನು ವರ್ಷ ಬದಲಿಸಿ ಮತ್ತೆ ಕಳಿಸಿದೆ. ಈ ಸಲ ಫೋನೂ ಬರಲಿಲ್ಲ, ಹಿಯರಿಂಗೂ ಆಗಲಿಲ್ಲ. ನವೆಂಬರ್ ಮೂರನೇ ವಾರ, ಸಂತೆಯಲ್ಲಿ ಅವರೆಕಾಯಿ ಆರಿಸುತ್ತಿದ್ದಾಗ ಬ್ಯಾಂಕ್ ಮೆಸೇಜ್ ಬಂತು. 3,400. ನಲವತ್ತೈದು ರೂಪಾಯಿ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ.